ಪತ್ತನಾಜೆಯಿಂದ ದೀಪಾವಳಿಯವರೆಗೆ: ಬೇಸ್ ಗಿಟಾರಿನ ನೆಕ್‌ಗೆ ಲೇಪ ಬೇಕೇ, ಬೇಡವೇ?

ಬೇಸ್ ಗಿಟಾರಿನ ನೆಕ್‌ಗೆ, ಅಂದರೆ ವಾದಕನ ಎಡಗೈ ಹೊತ್ತುಹೊತ್ತಿಗೂ ಓಡಾಡುವ ಆ ನೀಳ ಮರದ ಕುತ್ತಿಗೆಗೆ, ಮೆರುಗೆಣ್ಣೆಯ ಲೇಪ ಇರಬೇಕೇ ಅಥವಾ ಮರವನ್ನು ಬರಿಮೈಯಲ್ಲೇ ಬಿಡಬೇಕೇ ಎಂಬ ಪ್ರಶ್ನೆ ಆ ವಾದ್ಯದಷ್ಟೇ ಹಳೆಯದು. ಬರಿ ಮರ ಕೈಗೆ ಹಿತ, ಲೇಪ ಮರಕ್ಕೆ ಹಿತ ಎಂಬ ಸೂತ್ರದಲ್ಲಿ ಈ ಚರ್ಚೆ ಸಾಮಾನ್ಯವಾಗಿ ಮುಗಿದುಹೋಗುತ್ತದೆ. ಆದರೆ ಈ ಸೂತ್ರ ಹುಟ್ಟಿದ್ದು ಕ್ಯಾಲಿಫೋರ್ನಿಯದಂಥ ಒಣ ಹವೆಯ ನಾಡಿನಲ್ಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಂಥ ಕಡೆ, ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಬಿದ್ದುಹೋಗುವ ನಾಡಿನಲ್ಲಿ, ಅದನ್ನು ಇದ್ದ ಹಾಗೆಯೇ ಒಪ್ಪಿಕೊಂಡರೆ ಲೆಕ್ಕ ತಪ್ಪುತ್ತದೆ. ಇಲ್ಲಿ ಮರದ ಸ್ವಭಾವದ ಜೊತೆಗೆ ಪಂಚಾಂಗವನ್ನೂ ನೋಡಬೇಕಾಗುತ್ತದೆ.

ಮೊದಲು ವಾದ್ಯದ ವಿಚಾರ. ಇಂದು ಬೇಸ್ ಗಿಟಾರ್ ಎಂದರೆ ಕಣ್ಣಿಗೆ ಕಟ್ಟುವ ರೂಪವನ್ನು ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. 1960ರಲ್ಲಿ ಅವರ ಸಂಸ್ಥೆಯ ಜಾಝ್ ಬೇಸ್ ಬಂದಿತು. ತಂತಿ ಕಂಪಿಸುವ ಉದ್ದ 34 ಇಂಚು, ಅಂದರೆ ಸುಮಾರು 864 ಮಿಲಿಮೀಟರ್. ನಾಲ್ಕು ತಂತಿಗಳೂ ಸೇರಿ ನೆಕ್‌ನ ಮೇಲೆ ಹೇರುವ ಎಳೆತ ಸುಮಾರು 80 ಕಿಲೋಗ್ರಾಂ. ಒಬ್ಬ ಆಳು ಹಗಲೂ ರಾತ್ರಿ ಜೋತುಬಿದ್ದ ಹಾಗಿರುವ ಈ ಭಾರಕ್ಕೆ ಮರ ಬಾಗದಿರಲೆಂದು ನೆಕ್‌ನ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಹುದುಗಿಸಿ, ಅದರ ತುದಿಯ ತಿರುಪನ್ನು ಬಿಗಿ ಮಾಡಿಯೋ ಸಡಿಲಿಸಿಯೋ ಬಾಗನ್ನು ಹದಕ್ಕೆ ತರುತ್ತಾರೆ. ನೆಕ್‌ನ ಹಿಂಬದಿಯಲ್ಲಿ ಹೆಬ್ಬೆರಳು ಜಾರುತ್ತದೆ, ಮುಂಬದಿಯ ಫಿಂಗರ್‌ಬೋರ್ಡಿನ ಮೇಲೆ ಉಳಿದ ಬೆರಳುಗಳು ತಂತಿಯನ್ನು ಅದುಮುತ್ತವೆ. ವೀಣೆಯ ಮೆಟ್ಟಿಲುಗಳಿಗೆ ಸಮನಾದ ಲೋಹದ ಪಟ್ಟಿಗಳನ್ನು ಇಲ್ಲಿ ಫ್ರೆಟ್ ಎನ್ನುತ್ತಾರೆ. ಲೇಪದ ಪ್ರಶ್ನೆ ಹಿಂಬದಿಗೂ ಮುಂಬದಿಗೂ ಬೇರೆ ಬೇರೆಯಾದದ್ದು, ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಫೆಂಡರ್ ಸಂಸ್ಥೆ ಮೊದಲ ದಿನಗಳಿಂದಲೂ ಮೇಪಲ್ ಮರದ ನೆಕ್‌ಗೆ ಲೇಪ ಹಚ್ಚುತ್ತಲೇ ಬಂದಿದೆ. ಆರಂಭದಲ್ಲಿ ಬಳಸಿದ್ದು ನೈಟ್ರೋಸೆಲ್ಯುಲೋಸ್ ಲ್ಯಾಕರ್. ಇದು ತೆಳುವಾಗಿ ಹರಡಿ ಬೇಗ ಒಣಗುತ್ತದೆ, ವರ್ಷಗಳು ಕಳೆದಂತೆ ಹಳದಿಗೆ ತಿರುಗಿ, ಬೆವರು ತಾಗಿದಲ್ಲಿ ಮೆತ್ತಗಾಗಿ ಸವೆಯುತ್ತದೆ. 1960ರ ದಶಕದ ಕೊನೆಯಿಂದ ದಪ್ಪನೆಯ, ಗಾಜಿನಂತೆ ಗಟ್ಟಿಯಾದ ಪಾಲಿಯುರೆಥೇನ್, ಪಾಲಿಯೆಸ್ಟರ್ ಲೇಪಗಳು ಬಂದವು. ಇವುಗಳಿಗೆ ಎದುರಾಗಿ, ಎಣ್ಣೆ ಮತ್ತು ಮೇಣವನ್ನಷ್ಟೇ ಉಜ್ಜಿದ ನೆಕ್‌ಗಳ ಪರಂಪರೆಯೂ ಬೆಳೆಯಿತು. 1976ರಲ್ಲಿ ಸ್ಟಿಂಗ್‌ರೇ ಬೇಸ್ ತಂದ ಮ್ಯೂಸಿಕ್ ಮ್ಯಾನ್ ಹೆಸರಿನ ವಾದ್ಯಗಳು, 1984ರಲ್ಲಿ ಆ ಸಂಸ್ಥೆ ಎರ್ನಿ ಬಾಲ್ ಕೈಸೇರಿದ ಮೇಲೆ, ಬಂದೂಕಿನ ಹಿಡಿಗೆ ಹಚ್ಚುವಂಥ ಎಣ್ಣೆ ಮತ್ತು ಮೇಣದ ನೆಕ್‌ಗೆ ಹೆಸರಾದವು. 1982ರಲ್ಲಿ ಜರ್ಮನಿಯಲ್ಲಿ ಆರಂಭವಾದ ವಾರ್ವಿಕ್ ಸಂಸ್ಥೆ ವೆಂಗೆ, ಓವಾಂಗ್‌ಕೋಲ್‌ನಂಥ ಆಫ್ರಿಕದ ಗಟ್ಟಿ ಮರಗಳ ನೆಕ್‌ಗೆ ಜೇನುಮೇಣವೇ ಸಾಕೆಂದಿತು. ಹೀಗಾಗಿ 'ಬರಿ ನೆಕ್' ಎಂಬ ಮಾತಿಗೆ ಎರಡು ಅರ್ಥ ಇವೆ: ಏನನ್ನೂ ಹಚ್ಚದ ಮರ ಒಂದು, ಮರದ ಮೇಲೆ ಪದರ ಕಟ್ಟದೆ ಅದರ ಒಳಗೆ ಇಳಿಯುವ ಎಣ್ಣೆ ಕುಡಿಸಿದ ಮರ ಇನ್ನೊಂದು. ಕೊಳ್ಳುವವರು ಬಯಸುವುದು ಬಹುತೇಕ ಎರಡನೆಯದನ್ನು. ಮೊದಲನೆಯದನ್ನು ಮೇಪಲ್‌ನಲ್ಲಿ ಬಯಸುವುದು ಅಪಾಯ. ಬಿಡಿ ನೆಕ್‌ಗಳನ್ನು ಮಾರುವ ಅಮೆರಿಕದ ವಾರ್ಮತ್ ಸಂಸ್ಥೆ ಮೇಪಲ್‌ಗೆ ಗಟ್ಟಿ ಲೇಪ ಹಚ್ಚದಿದ್ದರೆ ಬಾಗುವಿಕೆಗೆ ವಾರಂಟಿ ಕೊಡುವುದಿಲ್ಲ, ಬೀಟೆ, ವೆಂಗೆಯಂಥ ಎಣ್ಣೆಯಂಶದ ಮರಗಳಿಗೆ ಆ ಷರತ್ತಿಲ್ಲ.

ಈ ಮೂರು ತಾಲೂಕುಗಳಲ್ಲಿ ಬೇಸ್ ಗಿಟಾರ್ ಎಲ್ಲಿ ನುಡಿಯುತ್ತದೆ ಎಂದು ನೋಡಿದರೆ ಎರಡು ನೆಲೆಗಳು ಮುಖ್ಯವಾಗಿ ಕಾಣುತ್ತವೆ. ಒಂದು, ಚರ್ಚುಗಳ ಗಾಯನ ಮಂಡಳಿ. ಮೊಡಂಕಾಪಿನಿಂದ ಬೆಳ್ತಂಗಡಿಯವರೆಗೆ, ಮೂಡುಬಿದಿರೆಯಿಂದ ವೇಣೂರಿನವರೆಗೆ ಕೊಂಕಣಿ ಮಾತಾಡುವ ಕ್ರೈಸ್ತ ಸಮುದಾಯಕ್ಕೆ ಸಂಗೀತ ವಾರದ ಅಭ್ಯಾಸ. ಇನ್ನೊಂದು, ರಸಮಂಜರಿ: ದೇವಸ್ಥಾನದ ಜಾತ್ರೆ, ಬ್ರಹ್ಮಕಲಶ, ಗಣೇಶೋತ್ಸವದ ವೇದಿಕೆ, ಮದುವೆಯ ಮುನ್ನಾದಿನದ ರೋಸ್, ಯುವಕ ಮಂಡಲದ ವಾರ್ಷಿಕೋತ್ಸವ, ಇಲ್ಲೆಲ್ಲ ನಡೆಯುವ, ಹಾಡು, ಮಿಮಿಕ್ರಿ, ನೃತ್ಯ ಬೆರೆತ ಕಾರ್ಯಕ್ರಮಕ್ಕೆ ರೂಢಿಯಲ್ಲಿರುವ ಹೆಸರು ಇದು. ಪರದೇಶದ ವಾದ್ಯವೊಂದನ್ನು ಈ ಭಾಗದ ಮಣ್ಣು ತನ್ನದಾಗಿಸಿಕೊಳ್ಳುವುದು ಹೊಸತಲ್ಲ. ಕದ್ರಿ ಗೋಪಾಲನಾಥರು 1949ರಲ್ಲಿ ಹುಟ್ಟಿದ್ದು ಬಂಟ್ವಾಳ ತಾಲೂಕಿನ ಸಜೀಪಮೂಡದಲ್ಲಿ. ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಅವರಿಗೆ ಹಿತ್ತಾಳೆಯ ವಾದ್ಯದ ತೊಡಕುಗಳು ಬೇರೆ ಇದ್ದವು, ಮರ ಉಬ್ಬುವ ಚಿಂತೆಯಂತೂ ಇರಲಿಲ್ಲ.

ಎರಡು ನೆಲೆಗಳ ಋತುಮಾನ ಒಂದೇ ಅಲ್ಲ ಎಂಬುದು ಈ ಸಮೀಕ್ಷೆಯ ತಿರುಳು. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24 ಅಥವಾ 25ರ ಸುಮಾರಿಗೆ, ಪತ್ತನಾಜೆ. ಅಂದಿಗೆ ಧರ್ಮಸ್ಥಳ, ಕಟೀಲು ಮೊದಲಾದ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ನೇಮ ಕೋಲಗಳು ನಿಲ್ಲುತ್ತವೆ, ಬಯಲಿನ ವೇದಿಕೆಗಳೂ ಸೊರಗುತ್ತವೆ. ಗಣೇಶ ಚತುರ್ಥಿಯ ಕೆಲವು ದಿನಗಳನ್ನು ಬಿಟ್ಟರೆ ರಸಮಂಜರಿಯ ವಾದ್ಯಗಳು ದೀಪಾವಳಿಯ ಆಸುಪಾಸಿನವರೆಗೆ ಪೆಟ್ಟಿಗೆಯಲ್ಲೇ ಮಲಗಿರುತ್ತವೆ. ಚರ್ಚಿನ ವಾದ್ಯಕ್ಕೆ ಇಂಥ ರಜೆ ಇಲ್ಲ. ಪ್ರತಿ ಭಾನುವಾರದ ಪೂಜೆ ಇದ್ದೇ ಇರುತ್ತದೆ, ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನ ತಯಾರಿಯಂತೂ ಮಳೆಗಾಲದ ನಡುವೆಯೇ ನಡೆಯುತ್ತದೆ. ಹಾಗಾಗಿ ಒಂದು ವಾದ್ಯವನ್ನು ಒಣ ಹವೆಯಲ್ಲಿ ಬೆವರುವ ಕೈ ನುಡಿಸುತ್ತದೆ, ತೇವದ ತಿಂಗಳುಗಳಲ್ಲಿ ಯಾರೂ ಮುಟ್ಟುವುದಿಲ್ಲ. ಇನ್ನೊಂದನ್ನು ತೇವದಲ್ಲೂ ವಾರಕ್ಕೊಮ್ಮೆ ಹೊರತೆಗೆದು, ನುಡಿಸಿ, ಒರೆಸಿ ಇಡುತ್ತಾರೆ. ಒಂದೇ ಅಂಗಡಿಯಿಂದ ಬಂದ ಎರಡು ನೆಕ್‌ಗಳಿಗೆ ಬೇರೆ ಬೇರೆ ಆರೈಕೆ ಬೇಕಾಗುವುದು ಈ ಕಾರಣಕ್ಕೆ.

ತೇವ ಮರದೊಳಗೆ ಏನು ಮಾಡುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಡಿದು ಒಣಗಿಸಿದ ಮೇಲೂ ಮರ ಗಾಳಿಯಿಂದ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ಸುತ್ತಲ ಗಾಳಿಯ ಆರ್ದ್ರತೆಗೆ ತಕ್ಕಂತೆ ಮರದೊಳಗಿನ ನೀರು ಒಂದು ಮಟ್ಟದಲ್ಲಿ ನಿಲ್ಲುತ್ತದೆ, ಅದನ್ನು ಸಮತೋಲನ ತೇವಾಂಶ ಎನ್ನುತ್ತಾರೆ. 30 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 50 ಇದ್ದರೆ ಮರದ ತೇವಾಂಶ ಅದರ ಒಣ ತೂಕದ ಸುಮಾರು ಶೇ. 9, ಆರ್ದ್ರತೆ ಶೇ. 80 ಆದರೆ ತೇವಾಂಶ ಸುಮಾರು ಶೇ. 15.5, ಶೇ. 90 ಆದರೆ ಶೇ. 20ರ ಹತ್ತಿರ. ಕರಾವಳಿಯ ಜುಲೈಯಲ್ಲಿ ಆರ್ದ್ರತೆ ಶೇ. 85ರಿಂದ 90ರ ನಡುವೆ ತೂಗಾಡುವುದು ಸಾಮಾನ್ಯ, ಜನವರಿಯ ಮಧ್ಯಾಹ್ನ ಅದು ಶೇ. 60ರ ಸುತ್ತಮುತ್ತ ಇಳಿಯುತ್ತದೆ. ಹೀಗೆ ನೆಕ್‌ನ ಮರ ವರ್ಷಕ್ಕೊಮ್ಮೆ ಉಬ್ಬಿ ತಗ್ಗುವ ದೊಡ್ಡ ಚಕ್ರವೊಂದನ್ನು ಸುತ್ತುತ್ತದೆ. ಮೇಪಲ್ ಇದಕ್ಕೆ ಹೆಚ್ಚು ಈಡಾಗುವ ಮರ: ಹಸಿಯಿಂದ ಪೂರ್ತಿ ಒಣಗುವವರೆಗೆ ಬೆಳವಣಿಗೆಯ ಉಂಗುರಗಳ ದಿಕ್ಕಿನಲ್ಲಿ ಶೇ. 9.9ರಷ್ಟು ಕುಗ್ಗುತ್ತದೆ, ಸಾಗುವಾನಿ ಮತ್ತು ನಮ್ಮ ಬೀಟೆ ಕುಗ್ಗುವುದು ಶೇ. 5.8 ಮಾತ್ರ. ಸಪಾಟಾಗಿ ಸೀಳಿದ 60 ಮಿಲಿಮೀಟರ್ ಅಗಲದ ಮೇಪಲ್ ತುಂಡೊಂದರ ತೇವಾಂಶ ಶೇ. 10ರಿಂದ ಶೇ. 16ಕ್ಕೆ ಏರಿದರೆ ಅದು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚೇ ಅಗಲವಾಗುತ್ತದೆ. ಉದ್ದದಲ್ಲಿ ಆಗುವ ಬದಲಾವಣೆ ಅತ್ಯಲ್ಪ. ಆದರೂ ನೆಕ್‌ನ ಒಂದು ಮುಖ ಇನ್ನೊಂದಕ್ಕಿಂತ ಬೇಗ ತೇವ ಕುಡಿದರೆ ಆ ಅಲ್ಪವೇ ಬಾಗಾಗಿ ತೋರುತ್ತದೆ. ಹಿಂಬದಿಗೆ ಗಟ್ಟಿ ಲೇಪವಿದ್ದು ಮುಂಬದಿಯ ಫಿಂಗರ್‌ಬೋರ್ಡ್ ಬರಿಮೈಯಾಗಿದ್ದರೆ ಮುಂಬದಿ ಮೊದಲು ಹಿಗ್ಗಿ, ನೆಕ್ ಹಿಂದಕ್ಕೆ ಬಾಗಿ, ತಂತಿ ಫ್ರೆಟ್‌ಗಳಿಗೆ ತಾಗಿ ಜಿರ್ರೆನ್ನುತ್ತದೆ. ಇಂಥ ವೇಳೆ ಟ್ರಸ್ ರಾಡನ್ನು ಕಾಲು ಸುತ್ತು ಸಡಿಲಿಸುವುದು ಮಳೆಗಾಲದ ಮಾಮೂಲು ಕೆಲಸವಾಗಬೇಕು. ಹೆದರಿ ಅದನ್ನು ಮುಟ್ಟದೇ ಇರುವವರೇ ಹೆಚ್ಚು.

ಹಾಗಾದರೆ ಲೇಪ ಈ ತೇವವನ್ನು ತಡೆಯುತ್ತದೆಯೇ? ಇಲ್ಲ, ತಡಮಾಡುತ್ತದೆ ಅಷ್ಟೆ. ಅಮೆರಿಕದ ಮ್ಯಾಡಿಸನ್‌ನಲ್ಲಿ 1910ರಿಂದ ನಡೆಯುತ್ತಿರುವ ಅರಣ್ಯೋತ್ಪನ್ನ ಪ್ರಯೋಗಾಲಯ ದಶಕಗಳ ಕಾಲ ಇದನ್ನು ಅಳೆದು ತೋರಿಸಿದೆ. ಎಪಾಕ್ಸಿ, ಎರಡು ದ್ರವಗಳನ್ನು ಬೆರೆಸಿ ಹಚ್ಚುವ ಪಾಲಿಯುರೆಥೇನ್ ಇಂಥವು ಹಲವು ಪದರ ಹಚ್ಚಿದಾಗ ತೇವದ ಓಟವನ್ನು ಚೆನ್ನಾಗಿ ನಿಧಾನಿಸುತ್ತವೆ. ಅಗಸೆ ಎಣ್ಣೆಯಂಥವು ಎಷ್ಟು ಸಲ ಹಚ್ಚಿದರೂ ಬಹುಪಾಲು ನಿರುಪಯೋಗಿ. ಎಷ್ಟೇ ದಪ್ಪ ಲೇಪವಾದರೂ ಸಮಯ ಸಿಕ್ಕರೆ ಒಳಗಿನ ಮರ ಹೊರಗಿನ ಹವೆಯೊಂದಿಗೆ ಸರಿಹೊಂದಿಯೇ ತೀರುತ್ತದೆ. ಕೆಲವು ಗಂಟೆ ಎಸಿ ಸಭಾಭವನದಲ್ಲಿ ನುಡಿಸಿ ಮತ್ತೆ ತೇವದ ಮನೆಗೆ ಬರುವ ವಾದ್ಯಕ್ಕೆ, ಒಂದು ವಾರದ ಜಡಿಮಳೆಗೆ ಸಿಕ್ಕ ವಾದ್ಯಕ್ಕೆ ಲೇಪದಿಂದ ನಿಜವಾದ ಪ್ರಯೋಜನ ಉಂಟು. ನಾಲ್ಕು ತಿಂಗಳು ಒದ್ದೆ ಕೋಣೆಯಲ್ಲಿ ಬಿದ್ದಿರುವ ವಾದ್ಯವನ್ನು ಅದೊಂದೇ ಉಳಿಸಲಾರದು. ಎಣ್ಣೆ ನೆಕ್‌ನ ಪರವಾಗಿ ಮಾತಾಡುವವರು ಮೊದಲನೆಯದನ್ನು ಮರೆಮಾಚುತ್ತಾರೆ, ಗಟ್ಟಿ ಲೇಪದವರು ಎರಡನೆಯದನ್ನು ಹೇಳುವುದೇ ಇಲ್ಲ.

ಈ ನಾಡಿನ ಹಳೆಯ ಮರಗೆಲಸ ಇದೇ ಪ್ರಶ್ನೆಗೆ ಬೇರೊಂದು ದಾರಿ ಹಿಡಿದಿತ್ತು. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಕೆಳಗಿನದು ಕಲ್ಲು, ಮೇಲಿನ ಅಂತಸ್ತುಗಳು ಮರ. ಆ ಮರವನ್ನು ಇಷ್ಟು ಶತಮಾನಗಳ ಮಳೆಯಿಂದ ಉಳಿಸಿರುವುದು ಮುಖ್ಯವಾಗಿ ತಾಮ್ರ ಹೊದಿಸಿದ ಇಳಿಜಾರು ಮಾಡು ಮತ್ತು ಗಾಳಿಯಾಡುವ ರಚನೆ. ಅದೇ ಪೇಟೆಯ ಚೌಟರ ಅರಮನೆಯಲ್ಲಿ ನವನಾರೀ ಕುಂಜರ, ಪಂಚನಾರೀ ತುರಗಗಳನ್ನು ಕೆತ್ತಿದ ಮರದ ಕಂಬಗಳಿವೆ; ಅವೂ ಮಾಡಿನ ಅಡಿಯಲ್ಲಿ ಉಸಿರಾಡಿಕೊಂಡೇ ಬಾಳಿವೆ. ಗುತ್ತಿನ ಮನೆಗಳ ಕಂಬಕ್ಕೆ ಹಲಸು, ಕಿರಾಲುಬೋಗಿಯಂಥ ತಾಳಿಕೆಯ ಮರಗಳನ್ನು ಆರಿಸಿದರು, ಒಲೆಯ ಹೊಗೆ ಅಟ್ಟದ ಮರಕ್ಕೆ ಹುಳು ಬೀಳದಂತೆ ನೋಡಿಕೊಂಡಿತು. ಹಚ್ಚಲೇಬೇಕಾದಲ್ಲಿ ಪಕ್ಕಾಸು, ರೀಪುಗಳಿಗೆ ಗೇರುಬೀಜದ ಸಿಪ್ಪೆಯ ಕಪ್ಪು ಎಣ್ಣೆಯನ್ನು ಬಳಿದರು. ಗೆದ್ದಲನ್ನು ಅದು ಅಗ್ಗವಾಗಿ ದೂರವಿಡುತ್ತದೆ. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟ ಗಾಯವಾಗುವ ಆ ಎಣ್ಣೆ ಕೈಯಾಡುವ ವಸ್ತುವಿಗೆ ಸಲ್ಲದು, ಗಿಟಾರಿನ ನೆಕ್‌ಗೆ ಅದನ್ನು ಯೋಚಿಸಲೂಬಾರದು. ಯಕ್ಷಗಾನದ ಚೆಂಡೆ, ಮದ್ದಳೆಗಳ ಒಡಲೂ ಹಲಸಿನ ಮರದ್ದೇ. ಅಲ್ಲಿ ತೇವದ ಕಾಟ ಮೊದಲು ಕಾಣುವುದು ಚರ್ಮದಲ್ಲಿ, ಹೀಗಾಗಿ ಕಲಾವಿದರು ಅದನ್ನು ಕಾಯಿಸಿ, ಬಿಗಿದು, ಶ್ರುತಿ ಹೊಂದಿಸುವ ಕ್ರಮವನ್ನು ರೂಢಿಸಿಕೊಂಡರು. ಮರಕ್ಕೆ ಹಚ್ಚುವುದಕ್ಕಿಂತ ಮರವನ್ನು ಇಡುವ ಜಾಗದ ಮೇಲೆ ಗಮನವಿಟ್ಟ ಈ ತಿಳಿವಳಿಕೆಯನ್ನು ಬೇಸ್ ಗಿಟಾರಿಗೂ ಹೊಂದಿಸಬಹುದೆಂಬುದನ್ನು ಮುಂದೆ ನೋಡಬಹುದು.

ಇನ್ನು ಕೈಯ ವಿಚಾರ. ಬೇಸ್‌ನಲ್ಲಿ ಫ್ರೆಟ್‌ಗಳ ನಡುವಿನ ಅಂತರ ದೊಡ್ಡದು, ಹಾಗಾಗಿ ಎಡಗೈ ಮೊದಲ ಫ್ರೆಟ್‌ನಿಂದ ಹನ್ನೆರಡನೆಯದರವರೆಗೆ ಹಾರುವಾಗ ಹೆಬ್ಬೆರಳು ನೆಕ್‌ನ ಬೆನ್ನ ಮೇಲೆ ಒಂದು ಗೇಣಿಗೂ ಹೆಚ್ಚು ದೂರ ಜಾರಬೇಕಾಗುತ್ತದೆ. ಎಪ್ರಿಲ್‌ನ ಬಯಲು ವೇದಿಕೆಯಲ್ಲಿ, ಹ್ಯಾಲೊಜನ್ ದೀಪಗಳ ಕೆಳಗೆ, ಆ ಹೆಬ್ಬೆರಳಿಗೂ ಹೊಳಪಿನ ಲೇಪಕ್ಕೂ ನಡುವೆ ಬೆವರಿನ ಒಂದು ಪೊರೆ ಕುಳಿತುಬಿಡುತ್ತದೆ. ಲೇಪ ಬೆವರನ್ನು ಹೀರುವುದಿಲ್ಲ, ಒದ್ದೆ ಗಾಳಿಯಲ್ಲಿ ಅದು ಬೇಗ ಆರುವುದೂ ಇಲ್ಲ, ನುಣುಪಾದ ಎರಡು ಮೈಗಳ ನಡುವೆ ಸಿಕ್ಕ ತೆಳ್ಳನೆಯ ದ್ರವ ಅಂಟಿನಂತೆ ಹಿಡಿಯುತ್ತದೆ. ಕೈ ಜಾರುವ ಬದಲು ತಡೆತಡೆದು ಕೀರಲು ಸದ್ದು ಮಾಡುತ್ತದೆ. ಬರಿ ಮರದ ಅಥವಾ ಎಣ್ಣೆಯ ನೆಕ್ ಇದೇ ಬೆವರನ್ನು ಹೀರಿಕೊಂಡು ಕೈಗೆ ಒಣ ಅನುಭವ ಕೊಡುತ್ತದೆ. ಕರಾವಳಿಯ ವಾದಕರಿಗೆ ಎಣ್ಣೆ ನೆಕ್ ಇಷ್ಟವಾಗುವುದು ಸಹಜವೇ. ಹೊಳಪಿನ ಲೇಪದ ಬಗ್ಗೆ ಅವರ ದೂರಿನಲ್ಲಿ ಹುರುಳಿದೆ. ಆದರೆ ಇದಕ್ಕೆ ಬರಿ ಮರವೊಂದೇ ಮದ್ದಲ್ಲ. ಸ್ಯಾಟಿನ್ ಎಂಬ ಮಂಕು ಹೊಳಪಿನ ಲೇಪದಲ್ಲಿ ಮೇಲ್ಮೈ ಸೂಕ್ಷ್ಮವಾಗಿ ಒರಟಾಗಿದ್ದು, ಕೈಗೆ ತಾಗುವ ಭಾಗ ಕಡಿಮೆಯಾಗಿ ಜಾರಿಕೆ ಸುಲಭವಾಗುತ್ತದೆ. ಈಗಾಗಲೇ ಹೊಳಪಿರುವ ನೆಕ್‌ನ ಬೆನ್ನನ್ನು ಪಾತ್ರೆ ಉಜ್ಜುವ ಹಸಿರು ನಾರಿನ ತುಂಡಿನಿಂದ, ಮರದ ಎಳೆಯ ದಿಕ್ಕಿನಲ್ಲೇ, ಹತ್ತು ನಿಮಿಷ ಹಗುರವಾಗಿ ಉಜ್ಜಿದರೆ ಅದೂ ಸ್ಯಾಟಿನ್ ಆಗುತ್ತದೆ. ಲೇಪ ಹರಿಯುವುದಿಲ್ಲ, ಹೊಳಪಷ್ಟೇ ಹೋಗುತ್ತದೆ. ಎಷ್ಟೋ ಮಂದಿ ನೆಕ್ ಬದಲಿಸುವ ಯೋಚನೆ ಮಾಡುವುದು ಈ ಹತ್ತು ನಿಮಿಷದ ಕೆಲಸ ಗೊತ್ತಿಲ್ಲದ್ದರಿಂದ. ಕೆಲವು ತಿಂಗಳ ಬಳಕೆಯಲ್ಲಿ ಕೈಯೇ ಅದನ್ನು ಮತ್ತೆ ಹೊಳಪೇರಿಸುತ್ತದೆಂಬುದು ಇದರ ಒಂದೇ ಕೊರತೆ.

ಲೇಪದಿಂದ ನಾದ ಸತ್ತುಹೋಗುತ್ತದೆ ಎಂಬ ವಾದವೂ ಇದೆ. ಗಟ್ಟಿ ಮರದ ಒಡಲಿನ, ವಿದ್ಯುತ್ ಪಿಕಪ್‌ನ ವಾದ್ಯದಲ್ಲಿ ನೆಕ್‌ನ ಬೆನ್ನ ಮೇಲಿನ ತೆಳು ಪದರ ನಾದಕ್ಕೆ ಮಾಡುವ ವ್ಯತ್ಯಾಸ ಹಳೆಯ ತಂತಿ ಬದಲಿಸಿದರೆ ಆಗುವ ವ್ಯತ್ಯಾಸದ ಮುಂದೆ ಲೆಕ್ಕಕ್ಕಿಲ್ಲ. ಇದರ ಮೇಲೆ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ.

ಎಣ್ಣೆಯನ್ನೇ ಆರಿಸುವವರು ಮಾಡಬೇಕಾದ ಕೆಲಸದ ಕ್ರಮ ಇಲ್ಲಿಯ ಹವೆಗೆ ತಕ್ಕಂತೆ ತಿದ್ದಿಕೊಳ್ಳಬೇಕಾದದ್ದು. ಮೊದಲಿಗೆ ನೆಕ್‌ನ ಬೆನ್ನನ್ನು 320 ಸಂಖ್ಯೆಯ ಸ್ಯಾಂಡ್‌ಪೇಪರಿನಿಂದ ನುಣುಪು ಮಾಡಿ, ಹಿಂಡಿದ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಲು ಬಿಡಬೇಕು. ನೀರು ತಾಗಿದಾಗ ಎದ್ದುನಿಲ್ಲುವ ಮರದ ರೋಮಗಳನ್ನು ಮತ್ತೆ ಉಜ್ಜಿ ತೆಗೆದರೆ ಮುಂದೆ ಬೆವರಿಗೆ ಅವು ಏಳುವುದಿಲ್ಲ. ಆಮೇಲೆ ಹಳೆಯ ಹತ್ತಿ ಬಟ್ಟೆಯ ಉಂಡೆಗೆ ಕೆಲವೇ ತೊಟ್ಟು ಎಣ್ಣೆ ಹಾಕಿ ಬೆಚ್ಚಗಾಗುವಷ್ಟು ಉಜ್ಜಿ, ಹದಿನೈದು ನಿಮಿಷ ಬಿಟ್ಟು, ಮೇಲೆ ನಿಂತದ್ದನ್ನು ಪೂರ್ತಿ ಒರೆಸಿ, ಒಂದು ದಿನ ಒಣಗಿಸಿ, ಹೀಗೆ ನಾಲ್ಕೈದು ಸಲ ಮಾಡುತ್ತಾರೆ. ಅಗಸೆ ಎಣ್ಣೆ, ಟಂಗ್ ಎಣ್ಣೆಗಳು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಗಟ್ಟಿಯಾಗುವ ಜಾತಿಯವು. ತೆಂಗಿನೆಣ್ಣೆ ಹಾಗಲ್ಲ, ಅದು ಎಂದೂ ಗಟ್ಟಿಯಾಗದೆ ಜಿಡ್ಡಾಗಿಯೇ ಉಳಿಯುತ್ತದೆ. ಮನೆಯಲ್ಲಿ ಇದೆಯೆಂದು ಅದನ್ನು ಹಚ್ಚುವುದು ಈ ಭಾಗದಲ್ಲಿ ಕಾಣುವ ದೊಡ್ಡ ತಪ್ಪು. ಕೆಲಸ ಮುಗಿದ ಮೇಲೆ ಅಗಸೆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವಾಗ ಹುಟ್ಟುವ ಬಿಸಿ ಮುದ್ದೆಯೊಳಗೆ ಸೇರಿ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು, ಹಗ್ಗದ ಮೇಲೆ ಹರಡಿ ಒಣಗಿಸಬೇಕು. ಈ ಕೆಲಸಕ್ಕೆ ತಕ್ಕ ಕಾಲ ಜನವರಿ, ಫೆಬ್ರವರಿ. ಆಷಾಢದಲ್ಲಿ ಹಚ್ಚಿದ ಎಣ್ಣೆ ದಿನಗಟ್ಟಲೆ ಅಂಟಂಟಾಗಿಯೇ ಉಳಿಯುತ್ತದೆ. ಲ್ಯಾಕರ್ ಸಿಂಪಡಿಸುವವರಿಗೂ ಮಳೆಗಾಲ ಆಗದು. ಆವಿಯಾಗುವ ದ್ರಾವಕ ಮೇಲ್ಮೈಯನ್ನು ತಣಿಸಿ ಗಾಳಿಯ ತೇವವನ್ನು ಸೆಳೆದುಕೊಂಡು ಲೇಪ ಹಾಲಿನಂತೆ ಬೆಳ್ಳಗಾಗುವುದನ್ನು ಪೀಠೋಪಕರಣದ ಪಾಲಿಶ್ ಕೆಲಸದ ಆಚಾರಿಗಳು ಚೆನ್ನಾಗಿ ಬಲ್ಲರು.

ಚನ್ನಪಟ್ಟಣದ ಗೊಂಬೆ ಕೆಲಸದಲ್ಲಿ ಹಾಲೆ ಮರದ ತುಂಡನ್ನು ತಿರುಗಿಸುತ್ತ ಅದರ ಮೇಲೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಾಟದ ಬಿಸಿಗೇ ಅರಗು ಕರಗಿ ಹರಡುವಂತೆ ಮಾಡಿ, ಕೇದಗೆಯ ಗರಿಯಿಂದ ಹೊಳಪೇರಿಸುತ್ತಾರೆ. ದ್ರಾವಕವೇ ಇಲ್ಲದ, ಹವೆಯ ಹಂಗಿಲ್ಲದ ಈ ಲೇಪವಿಧಾನ ಕರ್ನಾಟಕದಲ್ಲೇ ಇದೆ. ಆದರೆ ಉರುಟು ವಸ್ತುವಿಗಷ್ಟೇ ಒಗ್ಗುವ ಅದನ್ನು ಅರ್ಧ ಉರುಟಾದ ನೆಕ್‌ಗೆ ತರುವುದು ಸಾಧ್ಯವಿಲ್ಲ, ಅರಗು ಬೆವರು, ಬಿಸಿಗಳಿಗೆ ಸೋಲುತ್ತದೆ ಕೂಡ.

ಎಣ್ಣೆಯ ಇನ್ನೊಂದು ದೌರ್ಬಲ್ಯವನ್ನು ಒಣ ನಾಡಿನ ಬರಹಗಳು ಹೇಳುವುದಿಲ್ಲ. ಆರ್ದ್ರತೆ ಶೇ. 80 ದಾಟಿ ಅಲ್ಲೇ ನಿಂತರೆ ಬೂಸ್ಟು ಹಿಡಿಯುತ್ತದೆ, ಅಗಸೆ ಎಣ್ಣೆ ಸ್ವತಃ ಬೂಸ್ಟಿಗೆ ಆಹಾರ, ಮರದೊಳಗೆ ಸೇರಿದ ಬೆವರು ಅದಕ್ಕೆ ಉಪ್ಪಿನಕಾಯಿ. ಅಗಸ್ಟಿನಲ್ಲಿ ಮೆತ್ತನೆಯ ಬಟ್ಟೆ ಒಳಗಿಟ್ಟ ಗಿಟಾರ್ ಪೆಟ್ಟಿಗೆಯನ್ನು ತೆರೆದಾಗ ಮೊದಲು ಮೂಗಿಗೆ ಬಡಿಯುವುದು ಹಳೆಯ ಚಾಪೆಯ ವಾಸನೆ. ಆಮೇಲೆ ಕಾಣುವುದು ಕಂದು ಫಿಂಗರ್‌ಬೋರ್ಡಿನ ಮೇಲೆ, ಬೆರಳು ಹೆಚ್ಚು ತಾಗುವ ಮೂರನೆಯ, ಐದನೆಯ ಫ್ರೆಟ್‌ಗಳ ನಡುವೆ, ಹಿಟ್ಟು ಉದುರಿಸಿದಂಥ ಬಿಳಿ ಚುಕ್ಕೆಗಳು. ಒಣ ಬಟ್ಟೆಯಿಂದ ಒರೆಸಿದರೆ ಹೋಗುತ್ತವೆ, ವಾರದಲ್ಲಿ ಮರಳಿ ಬರುತ್ತವೆ. ಬರಿ ಮೇಪಲ್ ಆದರೆ ಬೂದು ಕಲೆ ಮರದೊಳಗೇ ಇಳಿದು ಯಾವ ಒರೆಸುವಿಕೆಗೂ ಬಗ್ಗುವುದಿಲ್ಲ. ಈ ಒಂದು ಕಾರಣಕ್ಕೆ ಮೇಪಲ್ ಫಿಂಗರ್‌ಬೋರ್ಡನ್ನು ಲೇಪವಿಲ್ಲದೆ ಇಲ್ಲಿ ಬಳಸಲೇಬಾರದೆನ್ನಬೇಕು.

ಬೀಟೆಯ ಕತೆ ಬೇರೆ. 1960ರ ದಶಕದ ಕೊನೆಯ ವೇಳೆಗೆ ಬ್ರೆಜಿಲಿನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಗಿಟಾರ್ ತಯಾರಕರು ಭಾರತದ ಬೀಟೆಯತ್ತ ತಿರುಗಿದರು. ಮಾರ್ಟಿನ್ ಸಂಸ್ಥೆ ಬದಲಾಯಿಸಿಕೊಂಡದ್ದು 1969ರಲ್ಲಿ. ಹೀಗಾಗಿ ಹೊರದೇಶದಿಂದ ಬಂದ ಬೇಸ್‌ನ ಫಿಂಗರ್‌ಬೋರ್ಡ್ ಅನೇಕ ವೇಳೆ ಚಾರ್ಮಾಡಿಯ ಆಚೀಚೆಯಂಥ ಪಶ್ಚಿಮ ಘಟ್ಟದ ಕಾಡಿನ ಮರವೇ ಆಗಿದ್ದು, ಕಡಲು ಸುತ್ತಿ ಮರಳಿ ತನ್ನದೇ ಹವೆಗೆ ಬಂದಿರುತ್ತದೆ. ರೋಸ್‌ವುಡ್ ಜಾತಿಯ ಎಲ್ಲ ಮರಗಳೂ 2017ರ ಜನವರಿ 2ರಂದು ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ನಿಯಂತ್ರಣದ ಪಟ್ಟಿ ಸೇರಿ, 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಸಹಜ ಎಣ್ಣೆಯಂಶವಿರುವ, ಕಡಿಮೆ ಉಬ್ಬುವ ಈ ಮರಕ್ಕೆ ಮುಂಬದಿಯಲ್ಲಿ ಲೇಪ ಬೇಕಿಲ್ಲ. ಹೊರತು ಎಂದರೆ ಫ್ರೆಟ್ ಇಲ್ಲದ ಬೇಸ್: ಸುರುಳಿ ಸುತ್ತಿದ ಒರಟು ತಂತಿ ನೇರವಾಗಿ ಮರವನ್ನೇ ಉಜ್ಜಿ ಸವೆಸುವುದರಿಂದ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ತಮ್ಮ 1962ರ ಜಾಝ್ ಬೇಸ್‌ನ ಫಿಂಗರ್‌ಬೋರ್ಡಿಗೆ ದೋಣಿಗೆ ಬಳಿಯುವ ಎಪಾಕ್ಸಿಯನ್ನು ಹಚ್ಚಿದರು, ಅದರಿಂದ ಹುಟ್ಟಿದ ಹಾಡುವ ನಾದವನ್ನು ಜಗತ್ತು 1976ರ ಅವರ ಮೊದಲ ಆಲ್ಬಮ್‌ನಿಂದ ಕೇಳಿತು.

ಇಷ್ಟನ್ನು ತೂಗಿ ನೋಡಿದರೆ ತೀರ್ಮಾನ ವಾದಕನ ಋತುವನ್ನು ಅವಲಂಬಿಸುತ್ತದೆ. ವಾರವಾರವೂ ನುಡಿಸಿ, ನುಡಿಸಿದ ಮೇಲೆ ಒರೆಸುವ ಶಿಸ್ತಿರುವ ಚರ್ಚಿನ ವಾದಕನಿಗೆ ಎಣ್ಣೆ ಮೇಣದ ಬೆನ್ನು, ಬರಿ ಬೀಟೆಯ ಮುಂಬದಿ ಹೊಂದುತ್ತವೆ. ಬೂಸ್ಟಿಗೆ ಅಲ್ಲಿ ತಳವೂರಲು ಪುರುಸೊತ್ತಿಲ್ಲ, ವರ್ಷಕ್ಕೊಮ್ಮೆ ಮಕರ ಸಂಕ್ರಾಂತಿಯ ಹೊತ್ತಿಗೆ ಎಣ್ಣೆಯನ್ನು ನವೀಕರಿಸಿದರೆ ಸಾಕು. ಹಲವರ ಕೈ ಬದಲಾಗುವ, ಯಾರೂ ತನ್ನದೆಂದು ಒರೆಸದ ಸಾರ್ವಜನಿಕ ವಾದ್ಯವಾದರೆ ಈ ಮಾತು ಸಲ್ಲದು. ಪತ್ತನಾಜೆಗೆ ಪೆಟ್ಟಿಗೆ ಸೇರುವ ರಸಮಂಜರಿಯ ವಾದ್ಯಕ್ಕೆ ಸ್ಯಾಟಿನ್ ಪಾಲಿಯುರೆಥೇನ್‌ನ ಬೆನ್ನೇ ಸರಿ, ಕೈಗೆ ಅದು ಎಣ್ಣೆಯಷ್ಟು ಹಿತವಾಗದಿದ್ದರೂ. ಕೊಲ್ಲಿ ನಾಡಿಗೂ ಊರಿಗೂ ಓಡಾಡುವ ಕುಟುಂಬಗಳ ವಾದ್ಯಕ್ಕೂ ಗಟ್ಟಿ ಲೇಪವೇ ಮೇಲು. ಇಲ್ಲಿ ಉಬ್ಬಿದ ನೆಕ್ ದುಬೈಯ ಎಸಿ ಕೋಣೆಯಲ್ಲಿ ತಿಂಗಳೊಪ್ಪತ್ತಿನಲ್ಲಿ ಕುಗ್ಗಿದಾಗ, ಕುಗ್ಗದ ಲೋಹದ ಫ್ರೆಟ್‌ಗಳ ತುದಿ ಅಂಚಿನಿಂದ ಹೊರಚಾಚಿ ಕೈಯನ್ನು ಗರಗಸದಂತೆ ಗೀರುತ್ತದೆ. ಹಿಂದೂ ಮುಂದೂ ಲೇಪವಿದ್ದರೆ ಆ ಕುಗ್ಗುವಿಕೆ ನಿಧಾನವಾಗಿ, ಎರಡೂ ಮುಖಗಳಲ್ಲಿ ಸಮನಾಗಿ ನಡೆಯುತ್ತದೆ. ಹಣವಿರುವವರಿಗೆ ಮೂರನೆಯ ದಾರಿಯೂ ಉಂಟು: ಆಮ್ಲಜನಕ ಕಡಿಮೆಯಿರುವ ಒಲೆಯಲ್ಲಿ 180ರಿಂದ 200 ಡಿಗ್ರಿಯಲ್ಲಿ ಹುರಿದ ಮೇಪಲ್ ತೇವ ಹೀರುವ ಗುಣವನ್ನು ಬಹಳಷ್ಟು ಕಳೆದುಕೊಂಡಿರುವುದರಿಂದ ಅದಕ್ಕೆ ಎಣ್ಣೆ ಸಾಕಾಗುತ್ತದೆ. 1970ರ ದಶಕದ ಕೊನೆಯಿಂದ ಬಂದ ಕಾರ್ಬನ್ ನಾರಿನ ನೆಕ್‌ಗಳಿಗಂತೂ ಈ ಪ್ರಶ್ನೆಯೇ ಇಲ್ಲ, ಬೆಲೆಯ ಪ್ರಶ್ನೆ ಮಾತ್ರ ಇದೆ.

ಇಡುವ ಜಾಗದ ಬಗ್ಗೆ ಮೇಲೆ ಹೇಳಿದ ಹಳೆಯ ತಿಳಿವಳಿಕೆಗೆ ಇಂದಿನ ರೂಪ ಕರಾವಳಿಯ ಎಷ್ಟೋ ಮನೆಗಳಲ್ಲಿ ಈಗಾಗಲೇ ಇದೆ. ರೇಷ್ಮೆ ಸೀರೆ, ಹಳೆಯ ದಾಖಲೆ ಪತ್ರಗಳ ಕಪಾಟಿನಲ್ಲಿ ಮಳೆಗಾಲದುದ್ದಕ್ಕೂ ಉರಿಸುವ ಸಣ್ಣ ಜೀರೋ ಬಲ್ಬ್ ಗಿಟಾರಿಗೂ ಅಷ್ಟೇ ಉಪಕಾರಿ, ಬಲ್ಬ್ ಮಾತ್ರ ಬಿಸಿಯಾಗುವ ಹಳೆಯ ಜಾತಿಯದಾಗಿರಬೇಕು. ಶೇ. 90 ಆರ್ದ್ರತೆಯ 25 ಡಿಗ್ರಿಯ ಗಾಳಿ ಕಪಾಟಿನೊಳಗೆ 30 ಡಿಗ್ರಿಗೆ ಬೆಚ್ಚಗಾದರೆ ಅದರ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 67ಕ್ಕೆ ಇಳಿಯುತ್ತದೆ, ಮರದ ತೇವಾಂಶ ಶೇ. 12ರ ಹತ್ತಿರ ನಿಲ್ಲುತ್ತದೆ, ಬೂಸ್ಟಿಗೆ ಬೇಕಾದ ಮಟ್ಟಕ್ಕೆ ಹವೆ ಏರುವುದೇ ಇಲ್ಲ. ವಾದ್ಯವನ್ನು ಪೆಟ್ಟಿಗೆಯಿಂದ ಹೊರತೆಗೆದು, ಬಲ್ಬಿನಿಂದ ಒಂದು ಮೊಳ ದೂರದಲ್ಲಿ, ತಂತಿಗಳನ್ನು ಅರ್ಧ ಸುತ್ತು ಸಡಿಲಿಸಿ ನೇತುಹಾಕಿದರೆ ಎಣ್ಣೆಯ ನೆಕ್ ಕೂಡ ಆಷಾಢ, ಶ್ರಾವಣಗಳನ್ನು ದಾಟುತ್ತದೆ.

ಗಟ್ಟಿ ಲೇಪದ ನೆಕ್ ಕೊಂಡವರೂ ಒಂದನ್ನು ಪರೀಕ್ಷಿಸಬೇಕು. ಮರ ತೇವವನ್ನು ಅತಿ ವೇಗವಾಗಿ ಕುಡಿಯುವುದು ಎಳೆಗಳ ಕೊನೆ ಬಾಯ್ದೆರೆದಿರುವ ಅಡ್ಡಕೊಯ್ತದಲ್ಲಿ. ಕಾರ್ಖಾನೆಯ ಲೇಪ ಬೆನ್ನ ಮೇಲೆ ಗಾಜಿನಂತಿದ್ದರೂ, ನೆಕ್ ಒಡಲಿಗೆ ಕೂರುವ ಹಿಮ್ಮಡಿಯ ಕೊನೆ, ತಿರುಪು ಮೊಳೆಗಳ ನಾಲ್ಕು ತೂತು, ತಲೆಯಲ್ಲಿ ತಂತಿ ಸುತ್ತುವ ಬಿರಟೆಗಳ ತೂತಿನ ಒಳಗೋಡೆ, ಟ್ರಸ್ ರಾಡಿನ ಬಾಯಿ, ಇವು ಅನೇಕ ವೇಳೆ ಬರಿ ಮರವಾಗಿಯೇ ಉಳಿದಿರುತ್ತವೆ. ತಂತಿ ಬದಲಿಸುವ ದಿನ ನಾಲ್ಕು ಮೊಳೆ ಬಿಚ್ಚಿ, ಹಿಮ್ಮಡಿಯ ಕೊನೆಗೂ ತೂತುಗಳ ಒಳಕ್ಕೂ ಮಕ್ಕಳ ಚಿತ್ರಕಲೆಯ ಸಣ್ಣ ಕುಂಚದಿಂದ ತೆಳು ಪಾಲಿಯುರೆಥೇನನ್ನು ಎರಡು ಸಲ ಹಚ್ಚುವುದಕ್ಕೆ ಅರ್ಧ ಗಂಟೆ ಸಾಕು, ಪತ್ತನಾಜೆಗೆ ಮೊದಲು ಅದು ಒಣಗಿರಬೇಕು.